ಯಕೃತ್ತಿನ ಮೈಟೊಕಾಂಡ್ರಿಯಗಳ ಶಕ್ತಿ ಉತ್ಪಾದನೆಯಲ್ಲಿ ಹಾರ್ಮೋನುಗಳ ಪಾತ್ರ

ಯಕೃತ್ತಿನ ಜೀವಕೋಶಗಳಲ್ಲಿರುವ ಮೈಟೊಕಾಂಡ್ರಿಯಗಳು ಸಕ್ಕರೆ, ಕೊಬ್ಬು ಮತ್ತು ಅಮೈನೊ ಆಮ್ಲಗಳಿಂದ ಬರುವ ಇಂಧನವನ್ನು ಆಮ್ಲಜನಕದ ನೆರವಿನಿಂದ ಉತ್ಕರ್ಷಿಸಿ, ಜೀವಕೋಶವು ಬಳಸಬಲ್ಲ ಶಕ್ತಿರೂಪವಾದ ಎಟಿಪಿಯನ್ನು ತಯಾರಿಸುತ್ತವೆ. ಯಾವ ಇಂಧನ ಉರಿಯಬೇಕು, ಎಷ್ಟು ವೇಗವಾಗಿ ಉರಿಯಬೇಕು, ದೊರೆತ ಶಕ್ತಿಯಲ್ಲಿ ಎಷ್ಟು ಎಟಿಪಿಯಾಗಿ ಎಷ್ಟು ಶಾಖವಾಗಿ ಹೋಗಬೇಕು ಎಂಬುದು ಬಹುಮಟ್ಟಿಗೆ ರಕ್ತದಲ್ಲಿ ಹರಿದುಬರುವ ಹಾರ್ಮೋನುಗಳಿಂದ ನಿರ್ಧಾರವಾಗುತ್ತದೆ. ಇವುಗಳಲ್ಲಿ ಇನ್ಸುಲಿನ್, ಗ್ಲುಕಗಾನ್, ಅಡ್ರಿನಲಿನ್, ಕಾರ್ಟಿಸಾಲ್ ಮತ್ತು ಥೈರಾಯ್ಡ್ ಹಾರ್ಮೋನುಗಳು ಮುಖ್ಯವಾದವು.

ಈ ಹಾರ್ಮೋನುಗಳಲ್ಲಿ ಹೆಚ್ಚಿನವು ಮೈಟೊಕಾಂಡ್ರಿಯವನ್ನು ನೇರವಾಗಿ ಮುಟ್ಟುವುದಿಲ್ಲ. ಕೆಲವು ಜೀವಕೋಶದ ಹೊರಪೊರೆಯ ಗ್ರಾಹಕಗಳಿಗೆ ಅಂಟಿಕೊಂಡು ಒಳಗೆ ಸಂದೇಶ ಕಳುಹಿಸುತ್ತವೆ. ಕೆಲವು ಕೋಶಕೇಂದ್ರವನ್ನು ಹೊಕ್ಕು ವಂಶವಾಹಿಗಳ ಚಟುವಟಿಕೆಯನ್ನು ಬದಲಿಸುತ್ತವೆ. ಪರಿಣಾಮ ಕಾಣಿಸಿಕೊಳ್ಳಲು ಹಿಡಿಯುವ ಕಾಲವೂ ಅದಕ್ಕೆ ತಕ್ಕಂತೆ ಬೇರೆ ಬೇರೆಯಾಗಿದೆ. ಅಡ್ರಿನಲಿನ್‌ನ ಪರಿಣಾಮ ಸೆಕೆಂಡುಗಳಲ್ಲಿ, ಗ್ಲುಕಗಾನ್‌ನದು ನಿಮಿಷಗಳಲ್ಲಿ ತೋರುತ್ತದೆ. ಥೈರಾಯ್ಡ್ ಹಾರ್ಮೋನಿನ ಪೂರ್ಣ ಪರಿಣಾಮಕ್ಕೆ ದಿನಗಳೇ ಬೇಕು.

ಯಕೃತ್ತು ಮತ್ತು ಅದರ ಮೈಟೊಕಾಂಡ್ರಿಯಗಳು

ವಯಸ್ಕರ ಯಕೃತ್ತು ಸುಮಾರು 1.5 ಕಿಲೋಗ್ರಾಂ ತೂಗುತ್ತದೆ. ದೇಹದ ತೂಕದಲ್ಲಿ ಅದರ ಪಾಲು ಶೇಕಡಾ 2ರಿಂದ 3ರಷ್ಟಿದ್ದರೂ ವಿಶ್ರಾಂತಿಯಲ್ಲಿರುವ ದೇಹವು ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಭಾಗ ಅದಕ್ಕೇ ಬೇಕಾಗುತ್ತದೆ. ಯಕೃತ್ತಿನ ಗಾತ್ರದ ಬಹುಪಾಲನ್ನು ತುಂಬಿರುವ ಹೆಪಟೊಸೈಟ್ ಎಂಬ ಜೀವಕೋಶದೊಳಗೆ ಸಾವಿರದಿಂದ ಎರಡು ಸಾವಿರದವರೆಗೆ ಮೈಟೊಕಾಂಡ್ರಿಯಗಳಿರುತ್ತವೆ. ಜೀವಕೋಶದ ಗಾತ್ರದ ಸುಮಾರು ಐದನೆಯ ಒಂದು ಭಾಗವನ್ನು ಇವೇ ಆಕ್ರಮಿಸುತ್ತವೆ.

ಮೈಟೊಕಾಂಡ್ರಿಯಗಳ ಬಗೆಗಿನ ಆರಂಭದ ತಿಳಿವಳಿಕೆಯಲ್ಲಿ ಹೆಚ್ಚಿನದು ಇಲಿಯ ಯಕೃತ್ತಿನಿಂದ ಬಂದದ್ದು. 1948ರಲ್ಲಿ ಹೋಗೆಬೂಮ್, ಶ್ನೈಡರ್ ಮತ್ತು ಪಲಾಡೆ ಅವರು ಇಲಿಯ ಯಕೃತ್ತನ್ನು ಸಕ್ಕರೆಯ ದ್ರಾವಣದಲ್ಲಿ ಅರೆದು, ವೇಗವಾಗಿ ತಿರುಗಿಸಿ, ಆಕಾರ ಕೆಡದ ಮೈಟೊಕಾಂಡ್ರಿಯಗಳನ್ನು ಬೇರ್ಪಡಿಸುವ ವಿಧಾನವನ್ನು ಪ್ರಕಟಿಸಿದರು. ಅದಾದ ಸ್ವಲ್ಪದರಲ್ಲೇ ಯೂಜೀನ್ ಕೆನಡಿ ಮತ್ತು ಆಲ್ಬರ್ಟ್ ಲೆನಿಂಜರ್ ಅವರು ಕೊಬ್ಬಿನಾಮ್ಲಗಳ ಉತ್ಕರ್ಷಣೆಯೂ ಸಿಟ್ರಿಕ್ ಆಮ್ಲ ಚಕ್ರವೂ ಈ ಕಣಗಳಲ್ಲಿಯೇ ನಡೆಯುತ್ತವೆಂದು ತೋರಿಸಿದರು. ಯಕೃತ್ತು ಮೃದುವಾದ ಅಂಗ, ಅರೆಯಲು ಸುಲಭ, ಮೈಟೊಕಾಂಡ್ರಿಯಗಳೂ ಅದರಲ್ಲಿ ಹೇರಳ. ಹೀಗಾಗಿ ಇಂದಿಗೂ ಪ್ರಯೋಗಗಳಿಗೆ ಅದೇ ಮೊದಲ ಆಯ್ಕೆ. ಆದರೆ ಒಂದು ಗ್ರಾಂ ಅಂಗಾಂಶಕ್ಕೆ ಲೆಕ್ಕ ಹಾಕಿದರೆ ಇಲಿಯ ಚಯಾಪಚಯದ ವೇಗ ಮನುಷ್ಯನದಕ್ಕಿಂತ ಬಹಳ ಹೆಚ್ಚು. ಇಲಿಯಲ್ಲಿ ಅಳೆದ ಅಂಕಿಗಳನ್ನು ಹಾಗೆಯೇ ಮನುಷ್ಯನಿಗೆ ಅನ್ವಯಿಸುವುದು ಸಲ್ಲದು.

ಯಕೃತ್ತಿನ ಮೈಟೊಕಾಂಡ್ರಿಯಗಳು ಒಂದು ಮುಖ್ಯ ವಿಷಯದಲ್ಲಿ ಹೃದಯ ಮತ್ತು ಸ್ನಾಯುಗಳ ಮೈಟೊಕಾಂಡ್ರಿಯಗಳಿಂದ ಬೇರೆಯಾಗಿವೆ. ಸ್ನಾಯು ತಾನು ತಯಾರಿಸಿದ ಎಟಿಪಿಯನ್ನು ಬಹುತೇಕ ತನ್ನ ಸಂಕೋಚನಕ್ಕೇ ಖರ್ಚು ಮಾಡುತ್ತದೆ. ಯಕೃತ್ತಾದರೋ ಅದರ ದೊಡ್ಡ ಪಾಲನ್ನು ಇತರ ಅಂಗಗಳ ಸಲುವಾಗಿ ವೆಚ್ಚಮಾಡುತ್ತದೆ. ಲ್ಯಾಕ್ಟಿಕ್ ಆಮ್ಲದ ಎರಡು ಅಣುಗಳಿಂದ ಗ್ಲೂಕೋಸಿನ ಒಂದು ಅಣುವನ್ನು ಹೊಸದಾಗಿ ಕಟ್ಟಲು ಆರು ಎಟಿಪಿಗೆ ಸಮನಾದ ಶಕ್ತಿ ಬೇಕು. ವಿಷಕಾರಿಯಾದ ಅಮೋನಿಯವನ್ನು ಯೂರಿಯದ ಒಂದು ಅಣುವಾಗಿ ಮಾರ್ಪಡಿಸಲು ನಾಲ್ಕು ಬೇಕು. ಕಟ್ಟಿದ ಗ್ಲೂಕೋಸು ಮಿದುಳು ಮತ್ತು ರಕ್ತಕಣಗಳ ಪಾಲಾಗುತ್ತದೆ, ಯೂರಿಯ ಮೂತ್ರದಲ್ಲಿ ಹೊರಹೋಗುತ್ತದೆ. ದೇಹದ ಉಳಿದ ಭಾಗದ ಅಗತ್ಯಗಳನ್ನು ಯಕೃತ್ತಿಗೆ ತಿಳಿಸುವ ವ್ಯವಸ್ಥೆಯಿಲ್ಲದೆ ಈ ಕೆಲಸ ನಡೆಯಲಾರದು. ಹಾರ್ಮೋನುಗಳು ಆ ವ್ಯವಸ್ಥೆಯ ಪ್ರಧಾನ ಭಾಗ.

ಶಕ್ತಿ ತಯಾರಾಗುವ ಕ್ರಮ

ಇಂಧನ ಯಾವುದೇ ಆಗಿರಲಿ, ಅದು ಕೊನೆಗೆ ಅಸಿಟೈಲ್ ಕೋ-ಎ ಎಂಬ ರೂಪಕ್ಕೆ ಇಳಿದು ಸಿಟ್ರಿಕ್ ಆಮ್ಲ ಚಕ್ರವನ್ನು ಸೇರುತ್ತದೆ. ಅಲ್ಲಿ ಬಿಡುಗಡೆಯಾದ ಎಲೆಕ್ಟ್ರಾನುಗಳು ಮೈಟೊಕಾಂಡ್ರಿಯದ ಒಳಪೊರೆಯಲ್ಲಿರುವ ಪ್ರೋಟೀನುಗಳ ಸರಪಳಿಯಲ್ಲಿ ಸಾಗಿ ಆಮ್ಲಜನಕವನ್ನು ಮುಟ್ಟುತ್ತವೆ. ಸಾಗುವ ಹಾದಿಯಲ್ಲಿ ದೊರೆಯುವ ಶಕ್ತಿಯಿಂದ ಪ್ರೋಟಾನುಗಳು ಒಳಪೊರೆಯ ಆಚೆಗೆ ತಳ್ಳಲ್ಪಡುತ್ತವೆ. ಅಣೆಕಟ್ಟೆಯ ಹಿಂದೆ ನೀರು ನಿಂತಂತೆ ಪ್ರೋಟಾನುಗಳು ಪೊರೆಯ ಒಂದು ಮಗ್ಗುಲಲ್ಲಿ ಒತ್ತಡದಿಂದ ನಿಲ್ಲುತ್ತವೆ; ಎಟಿಪಿ ಸಿಂಥೇಸ್ ಎಂಬ ಕಿಣ್ವದ ಮೂಲಕ ಹಿಂದಿರುಗುವಾಗ ಆ ಕಿಣ್ವದ ಒಂದು ಭಾಗವನ್ನು ತಿರುಗಿಸಿ ಎಟಿಪಿಯನ್ನು ಉಂಟುಮಾಡುತ್ತವೆ. ಪೀಟರ್ ಮಿಚೆಲ್ 1961ರಲ್ಲಿ ಮಂಡಿಸಿದ ಈ ವಿವರಣೆಗೆ 1978ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಈ ಕ್ರಮದಲ್ಲಿ ಹಾರ್ಮೋನುಗಳು ಪ್ರಭಾವ ಬೀರುವ ಸ್ಥಳಗಳು ಹಲವು. ಇಂಧನವು ಮೈಟೊಕಾಂಡ್ರಿಯವನ್ನು ಪ್ರವೇಶಿಸುವ ದ್ವಾರ ಒಂದು, ಸಿಟ್ರಿಕ್ ಆಮ್ಲ ಚಕ್ರದ ವೇಗ ಇನ್ನೊಂದು. ಎಲೆಕ್ಟ್ರಾನು ಸರಪಳಿಯ ಪ್ರೋಟೀನುಗಳ ಪ್ರಮಾಣವನ್ನೂ ಅವು ಬದಲಿಸಬಲ್ಲವು. ಇವಲ್ಲದೆ, ಪ್ರೋಟಾನುಗಳಲ್ಲಿ ಒಂದು ಪಾಲು ಎಟಿಪಿ ಸಿಂಥೇಸಿನ ಮೂಲಕ ಬಾರದೆ ಪೊರೆಯ ಮೂಲಕವೇ ಸೋರಿ ಹಿಂದಿರುಗುತ್ತದೆ. ಆಗ ಇಂಧನ ಉರಿದರೂ ಎಟಿಪಿ ದೊರೆಯದೆ ಶಾಖ ಮಾತ್ರ ಹುಟ್ಟುತ್ತದೆ. ವಿಶ್ರಾಂತಿಯಲ್ಲಿರುವ ಇಲಿಯ ಹೆಪಟೊಸೈಟ್ ಬಳಸುವ ಆಮ್ಲಜನಕದಲ್ಲಿ ಶೇಕಡಾ 20ರಿಂದ 25ರಷ್ಟು ಈ ಸೋರಿಕೆಗೆ ಹೋಗುತ್ತದೆ. ಈ ಪ್ರಮಾಣವೂ ಹಾರ್ಮೋನಿಗೆ ಅನುಗುಣವಾಗಿ ಏರಿಳಿಯುತ್ತದೆ.

ಇನ್ಸುಲಿನ್ ಮತ್ತು ಗ್ಲುಕಗಾನ್

ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಈ ಎರಡು ಹಾರ್ಮೋನುಗಳು ಪೋರ್ಟಲ್ ಅಭಿಧಮನಿಯ ಮೂಲಕ ಮೊದಲು ಯಕೃತ್ತಿಗೇ ತಲುಪುತ್ತವೆ. ದೇಹದ ಉಳಿದ ಭಾಗಕ್ಕೆ ಸಿಗುವುದಕ್ಕಿಂತ ಹೆಚ್ಚು ಸಾಂದ್ರವಾದ ಇನ್ಸುಲಿನ್ ಯಕೃತ್ತಿಗೆ ದೊರೆಯುವುದು ಈ ಕಾರಣದಿಂದ. ಚರ್ಮದ ಕೆಳಗೆ ಚುಚ್ಚಿಕೊಳ್ಳುವ ಇನ್ಸುಲಿನ್ ಈ ಸಹಜ ಮಾರ್ಗವನ್ನು ಅನುಕರಿಸಲಾರದು.

ಊಟದ ನಂತರ ಇನ್ಸುಲಿನ್ ಏರುತ್ತದೆ. ಯಕೃತ್ತು ಗ್ಲೂಕೋಸನ್ನು ಗ್ಲೈಕೋಜೆನ್ ರೂಪದಲ್ಲಿ ಕೂಡಿಡುತ್ತದೆ. ಉಳಿದದ್ದು ಪೈರುವೇಟ್ ಆಗಿ ಮೈಟೊಕಾಂಡ್ರಿಯವನ್ನು ಹೊಕ್ಕು, ಸಿಟ್ರೇಟ್ ಆಗಿ ಹೊರಬಂದು, ಕೋಶದ್ರವ್ಯದಲ್ಲಿ ಕೊಬ್ಬಿನಾಮ್ಲವಾಗುತ್ತದೆ. ಒಂದು ಕಡೆ ಕೊಬ್ಬನ್ನು ಕಟ್ಟುತ್ತ ಇನ್ನೊಂದು ಕಡೆ ಅದನ್ನೇ ಉರಿಸಿದರೆ ಶ್ರಮ ವ್ಯರ್ಥವಾಗುತ್ತದೆ. ಹಾಗಾಗದಂತೆ ತಡೆಯುವ ಏರ್ಪಾಡನ್ನು ಡೆನಿಸ್ ಮೆಕ್‌ಗ್ಯಾರಿ ಮತ್ತು ಡೇನಿಯಲ್ ಫಾಸ್ಟರ್ ಅವರು 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಗುರುತಿಸಿದರು. ಕೊಬ್ಬು ಕಟ್ಟುವ ದಾರಿಯ ಮೊದಲ ಮಜಲಿನಲ್ಲಿ ಹುಟ್ಟುವ ಮಲೋನೈಲ್ ಕೋ-ಎ ಎಂಬ ಅಣು, ಉದ್ದ ಸರಪಳಿಯ ಕೊಬ್ಬಿನಾಮ್ಲಗಳನ್ನು ಮೈಟೊಕಾಂಡ್ರಿಯದೊಳಕ್ಕೆ ಬಿಡುವ ಸಿಪಿಟಿ-1 ಎಂಬ ದ್ವಾರಕಿಣ್ವವನ್ನು ತಡೆಯುತ್ತದೆ. ಇನ್ಸುಲಿನ್ ಮಲೋನೈಲ್ ಕೋ-ಎಯನ್ನು ಹೆಚ್ಚಿಸುತ್ತದೆ, ದ್ವಾರ ಮುಚ್ಚುತ್ತದೆ. ಕಟ್ಟುವ ಕೆಲಸ ನಡೆದಿದೆ ಎಂಬ ಸಂಗತಿಯೇ ಉರಿಸುವ ಕೆಲಸವನ್ನು ನಿಲ್ಲಿಸುವ ಸೂಚನೆಯಾಗುವ ಈ ಏರ್ಪಾಡು ಚಯಾಪಚಯ ನಿಯಂತ್ರಣದ ಅತ್ಯಂತ ಸ್ಪಷ್ಟವಾದ ಉದಾಹರಣೆಗಳಲ್ಲಿ ಒಂದು.

ಉಪವಾಸದಲ್ಲಿ ಇದು ತಿರುಗಿಬೀಳುತ್ತದೆ. ಯಕೃತ್ತಿನಲ್ಲಿ ಸಾಮಾನ್ಯವಾಗಿ ಸುಮಾರು 100 ಗ್ರಾಂ ಗ್ಲೈಕೋಜೆನ್ ಮಾತ್ರ ಇರುತ್ತದೆ; ಒಂದು ದಿನದ ಉಪವಾಸದಲ್ಲಿ ಅದು ಹೆಚ್ಚುಕಡಿಮೆ ಬರಿದಾಗುತ್ತದೆ. ಮಿದುಳಿಗಾದರೋ ದಿನವೊಂದಕ್ಕೆ ಸುಮಾರು 120 ಗ್ರಾಂ ಗ್ಲೂಕೋಸು ಬೇಕು. ಇನ್ಸುಲಿನ್ ಇಳಿದಾಗ ದೇಹದ ಕೊಬ್ಬಿನ ಅಂಗಾಂಶವು ಕೊಬ್ಬಿನಾಮ್ಲಗಳನ್ನು ರಕ್ತಕ್ಕೆ ಬಿಡುತ್ತದೆ. ಅದೇ ವೇಳೆಗೆ ಏರುವ ಗ್ಲುಕಗಾನ್ ಹೆಪಟೊಸೈಟಿನ ಹೊರಪೊರೆಯ ಗ್ರಾಹಕಕ್ಕೆ ಅಂಟಿ, ಒಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕವನ್ನು ಹೆಚ್ಚಿಸುತ್ತದೆ. ಅರ್ಲ್ ಸದರ್‌ಲ್ಯಾಂಡ್ ಅವರು 1950ರ ದಶಕದಲ್ಲಿ ಈ ಅಣುವನ್ನು ಕಂಡುಹಿಡಿದದ್ದೂ ಯಕೃತ್ತಿನ ಮೇಲೆ ಗ್ಲುಕಗಾನ್ ಮತ್ತು ಅಡ್ರಿನಲಿನ್ ಮಾಡುವ ಪರಿಣಾಮವನ್ನು ಹುಡುಕುವಾಗಲೇ. ಅದಕ್ಕಾಗಿ ಅವರು 1971ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಈ ಸಂದೇಶದಿಂದ ಮಲೋನೈಲ್ ಕೋ-ಎ ತಯಾರಿಸುವ ಕಿಣ್ವ ನಿಷ್ಕ್ರಿಯವಾಗುತ್ತದೆ, ಸಿಪಿಟಿ-1 ದ್ವಾರ ತೆರೆಯುತ್ತದೆ, ಕೊಬ್ಬಿನಾಮ್ಲಗಳು ಮೈಟೊಕಾಂಡ್ರಿಯಕ್ಕೆ ನುಗ್ಗುತ್ತವೆ.

ನುಗ್ಗಿದ ಕೊಬ್ಬಿನಾಮ್ಲಗಳಿಂದ ಅಸಿಟೈಲ್ ಕೋ-ಎ ತುಂಬಿಕೊಳ್ಳುತ್ತದೆ. ಮುಂದಿನ ತೀರ್ಮಾನಗಳೆಲ್ಲ ಈ ಒಂದು ಅಣುವಿನ ಪ್ರಮಾಣವನ್ನು ಅವಲಂಬಿಸಿವೆ ಎಂದರೂ ತಪ್ಪಾಗದು. ಅದು ಪೈರುವೇಟನ್ನು ಉರಿಸುವ ಕಿಣ್ವವನ್ನು ತಡೆಯುತ್ತದೆ. ಆದುದರಿಂದ ಸಕ್ಕರೆಯಾಗಬಲ್ಲ ಪೈರುವೇಟ್ ಉಳಿಯುತ್ತದೆ. ಹಾಗೆ ಉಳಿದ ಪೈರುವೇಟನ್ನು ಗ್ಲೂಕೋಸಿನ ದಾರಿಗೆ ಹಚ್ಚುವ ಪೈರುವೇಟ್ ಕಾರ್ಬಾಕ್ಸಿಲೇಸ್ ಎಂಬ ಕಿಣ್ವವನ್ನು ಅದೇ ಅಸಿಟೈಲ್ ಕೋ-ಎ ಚುರುಕುಗೊಳಿಸುತ್ತದೆ. ಕೊಬ್ಬು ಉರಿದು ಬಂದ ಎಟಿಪಿ ಗ್ಲೂಕೋಸು ಕಟ್ಟುವ ಖರ್ಚನ್ನು ಭರಿಸುತ್ತದೆ. ಕೊಬ್ಬಿನಾಮ್ಲದ ಇಂಗಾಲ ಗ್ಲೂಕೋಸಿನ ನಿವ್ವಳ ಗಳಿಕೆಯಾಗಲಾರದು. ಅದರ ಶಕ್ತಿ ಮಾತ್ರ ಗ್ಲೂಕೋಸಿನ ತಯಾರಿಕೆಗೆ ಒದಗುತ್ತದೆ.

ಗ್ಲುಕಗಾನ್ ಇದಿಷ್ಟನ್ನೇ ಅಲ್ಲದೆ ಮೈಟೊಕಾಂಡ್ರಿಯದ ಕ್ಯಾಲ್ಸಿಯಮ್ಮನ್ನೂ ಹೆಚ್ಚಿಸುತ್ತದೆ. ಕೋಶದೊಳಗಿನ ಕ್ಯಾಲ್ಸಿಯಮ್ ದಾಸ್ತಾನಿನಲ್ಲಿರುವ ಒಂದು ಗ್ರಾಹಕದ ಮೂಲಕ ಅದು ಯಕೃತ್ತಿನಲ್ಲೇ ಕೂಡಿಟ್ಟ ಕೊಬ್ಬನ್ನು ಬಿಡಿಸಿ ಉರಿಸುವಂತೆ ಮಾಡುತ್ತದೆಂದು ಯೇಲ್ ವಿಶ್ವವಿದ್ಯಾಲಯದ ಜೆರಾಲ್ಡ್ ಶುಲ್ಮನ್ ಅವರ ತಂಡ 2020ರಲ್ಲಿ ವರದಿ ಮಾಡಿತು.

ಕೀಟೋನುಗಳು

ಉಪವಾಸ ಮುಂದುವರಿದಂತೆ ಯಕೃತ್ತಿನ ಮೈಟೊಕಾಂಡ್ರಿಯಗಳು ಸಿಟ್ರಿಕ್ ಆಮ್ಲ ಚಕ್ರಕ್ಕೆ ಸಲ್ಲದೆ ಉಳಿದ ಅಸಿಟೈಲ್ ಕೋ-ಎಯನ್ನು ಕೀಟೋನುಗಳಾಗಿ ಮಾರ್ಪಡಿಸುತ್ತವೆ. ಕೀಟೋನುಗಳು ನೀರಿನಲ್ಲಿ ಕರಗುವುದರಿಂದ ರಕ್ತದಲ್ಲಿ ಸುಲಭವಾಗಿ ಸಾಗಿ ಹೃದಯ, ಸ್ನಾಯು ಮತ್ತು ಮಿದುಳಿಗೆ ಇಂಧನವಾಗುತ್ತವೆ. ಅವುಗಳನ್ನು ಬಳಸಲು ಬೇಕಾದ ಒಂದು ಕಿಣ್ವ ಯಕೃತ್ತಿನಲ್ಲಿಯೇ ಇಲ್ಲ. ತಾನು ತಯಾರಿಸಿದ್ದನ್ನು ತಾನು ಉಣ್ಣಲಾರದ ಈ ಕೊರತೆಯಿಂದ, ಇಡೀ ಉತ್ಪನ್ನ ಹೊರಗಿನ ಅಂಗಗಳಿಗೇ ಸಲ್ಲುತ್ತದೆ.

ಹಾರ್ಮೋನು ಆದೇಶಿಸಿದರೂ ಮೈಟೊಕಾಂಡ್ರಿಯ ಅದನ್ನು ಪಾಲಿಸಲಾರದ ಸ್ಥಿತಿಗಳೂ ಇವೆ. ಸಿಪಿಟಿ-1 ಅಥವಾ ಕೊಬ್ಬಿನಾಮ್ಲ ಒಡೆಯುವ ಕಿಣ್ವಗಳಲ್ಲಿ ಹುಟ್ಟಿನಿಂದಲೇ ದೋಷವಿರುವ ಮಗು ಸರಿಯಾಗಿ ಉಣ್ಣುತ್ತಿರುವಷ್ಟು ದಿನ ಆರೋಗ್ಯವಾಗಿಯೇ ಕಾಣಬಹುದು. ಜ್ವರ ಬಂದು ಒಂದು ರಾತ್ರಿ ಊಟ ಬಿಟ್ಟಾಗ ಗ್ಲುಕಗಾನ್ ಏರುತ್ತದೆ, ಕೊಬ್ಬಿನಾಮ್ಲಗಳು ಯಕೃತ್ತಿಗೆ ಬರುತ್ತವೆ, ಆದರೆ ಅವು ಉರಿಯುವುದಿಲ್ಲ. ರಕ್ತದ ಗ್ಲೂಕೋಸು ಕುಸಿಯುತ್ತದೆ, ಬದಲಿಯಾಗಿ ಬರಬೇಕಿದ್ದ ಕೀಟೋನುಗಳೂ ಬರುವುದಿಲ್ಲ. ಮಗು ಪ್ರಜ್ಞೆ ತಪ್ಪಬಹುದು, ಸಾಯಲೂಬಹುದು. ಇಂಥ ದೋಷಗಳಲ್ಲಿ ಹೆಚ್ಚು ಕಂಡುಬರುವ ಎಂಕ್ಯಾಡ್ ಕೊರತೆಯನ್ನು ಅನೇಕ ದೇಶಗಳಲ್ಲಿ ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತದಲ್ಲೇ ಪತ್ತೆಹಚ್ಚುತ್ತಾರೆ. ದೀರ್ಘ ಉಪವಾಸಕ್ಕೆ ಅವಕಾಶ ಕೊಡದಿರುವುದು ಮತ್ತು ಕಾಯಿಲೆಯ ದಿನಗಳಲ್ಲಿ ಗ್ಲೂಕೋಸು ಒದಗಿಸುವುದು ಚಿಕಿತ್ಸೆಯ ಮುಖ್ಯಭಾಗ.

ಇದಕ್ಕೆ ವಿರುದ್ಧವಾದ ಅಪಾಯ ಮಧುಮೇಹದ ಕೀಟೊಆಮ್ಲತೆ. ಒಂದನೇ ವಿಧದ ಮಧುಮೇಹದಲ್ಲಿ ಇನ್ಸುಲಿನ್ ಇಲ್ಲದೆ ಹೋದಾಗ ರಕ್ತದಲ್ಲಿ ಸಕ್ಕರೆ ತುಂಬಿತುಳುಕುತ್ತಿದ್ದರೂ ಯಕೃತ್ತು ಉಪವಾಸದಲ್ಲಿರುವಂತೆಯೇ ವರ್ತಿಸುತ್ತದೆ. ಸಿಪಿಟಿ-1 ದ್ವಾರ ತೆರೆದೇ ಇರುತ್ತದೆ, ಕೀಟೋನುಗಳು ಮಿತಿಮೀರುತ್ತವೆ, ರಕ್ತ ಆಮ್ಲೀಯವಾಗುತ್ತದೆ. 1922ರ ಜನವರಿಯಲ್ಲಿ ಟೊರಾಂಟೊ ನಗರದಲ್ಲಿ ಮೊದಲ ಬಾರಿಗೆ ರೋಗಿಯೊಬ್ಬನಿಗೆ ಇನ್ಸುಲಿನ್ ಕೊಡುವವರೆಗೆ ಈ ಸ್ಥಿತಿ ಮಾರಣಾಂತಿಕವೇ ಆಗಿತ್ತು. ಇಂದು ಇನ್ಸುಲಿನ್, ದ್ರವ ಮತ್ತು ಪೊಟ್ಯಾಸಿಯಮ್ ಕೊಟ್ಟು ಇದನ್ನು ಸರಿಪಡಿಸಬಹುದು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಎಸ್‌ಜಿಎಲ್‌ಟಿ-2 ತಡೆ ಔಷಧಗಳನ್ನು ಸೇವಿಸುವವರಲ್ಲಿ ರಕ್ತದ ಸಕ್ಕರೆ ಹೆಚ್ಚು ಏರದೆಯೇ ಕೀಟೊಆಮ್ಲತೆ ಬರಬಹುದು. ಸಕ್ಕರೆಯ ಅಂಕಿಯನ್ನು ಮಾತ್ರ ನೋಡಿದರೆ ಅದು ಕಣ್ತಪ್ಪುತ್ತದೆ.

ಅಡ್ರಿನಲಿನ್, ವ್ಯಾಸೊಪ್ರೆಸಿನ್ ಮತ್ತು ಕ್ಯಾಲ್ಸಿಯಮ್ ಸಂದೇಶ

ಅಡ್ರಿನಲಿನ್ ಮತ್ತು ವ್ಯಾಸೊಪ್ರೆಸಿನ್ ಹಾರ್ಮೋನುಗಳು ಹೆಪಟೊಸೈಟಿನ ಒಳದಾಸ್ತಾನಿನಿಂದ ಕ್ಯಾಲ್ಸಿಯಮ್ಮನ್ನು ಬಿಡುಗಡೆ ಮಾಡಿಸುತ್ತವೆ. ಕೋಶದ್ರವ್ಯದ ಕ್ಯಾಲ್ಸಿಯಮ್ ಒಂದೇ ಸಮನೆ ಏರಿ ನಿಲ್ಲುವುದಿಲ್ಲ. ಅಲೆಗಳಂತೆ ಏರಿ ಇಳಿಯುತ್ತದೆ. ಹಾರ್ಮೋನು ಹೆಚ್ಚಿದಷ್ಟೂ ಅಲೆಗಳು ಪದೇಪದೇ ಬರುತ್ತವೆ. ಪ್ರತಿ ಅಲೆಯೂ ಮೈಟೊಕಾಂಡ್ರಿಯದೊಳಗೆ ಪ್ರತಿಫಲಿಸಿ, ಸಿಟ್ರಿಕ್ ಆಮ್ಲ ಚಕ್ರಕ್ಕೆ ಸಂಬಂಧಿಸಿದ ಮೂರು ಕಿಣ್ವಗಳನ್ನು ಚುರುಕುಗೊಳಿಸುತ್ತದೆಂದು ಗ್ಯೋರ್ಗಿ ಹೈನೋಟ್ಸ್‌ಕಿ, ಆಂಡ್ರ್ಯೂ ಥಾಮಸ್ ಮತ್ತು ಸಂಗಡಿಗರು 1995ರಲ್ಲಿ ಹೆಪಟೊಸೈಟುಗಳಲ್ಲಿಯೇ ತೋರಿಸಿದರು. ಆ ಕಿಣ್ವಗಳು ಕ್ಯಾಲ್ಸಿಯಮ್ಮಿಗೆ ಸ್ಪಂದಿಸುತ್ತವೆಂಬುದನ್ನು ಅದಕ್ಕೆ ಮೊದಲೇ ಬ್ರಿಸ್ಟಲ್‌ನ ರಿಚರ್ಡ್ ಡೆಂಟನ್ ಮತ್ತು ಜೇಮ್ಸ್ ಮೆಕ್‌ಕಾರ್ಮ್ಯಾಕ್ ಕಂಡುಕೊಂಡಿದ್ದರು. ಕ್ಯಾಲ್ಸಿಯಮ್ ಮೈಟೊಕಾಂಡ್ರಿಯವನ್ನು ಪ್ರವೇಶಿಸುವ ಕಾಲುವೆಯ ಪ್ರೋಟೀನು ಗುರುತಾದದ್ದು 2011ರಲ್ಲಿ, ಏಕಕಾಲಕ್ಕೆ ಎರಡು ತಂಡಗಳಿಂದ.

ಈ ಏರ್ಪಾಡಿನ ಲಾಭವೇನೆಂದರೆ, ಕೆಲಸಕ್ಕೆ ಹಚ್ಚುವ ಸಂದೇಶವೇ ಶಕ್ತಿಯನ್ನೂ ಹೊಂದಿಸುತ್ತದೆ. ಗ್ಲೈಕೋಜೆನ್ ಒಡೆಯಲು, ಗ್ಲೂಕೋಸು ಕಟ್ಟಲು ಆದೇಶ ಬಂದ ಕ್ಷಣದಲ್ಲೇ ಮೈಟೊಕಾಂಡ್ರಿಯ ಎಟಿಪಿ ತಯಾರಿಕೆಯನ್ನು ಹೆಚ್ಚಿಸಿರುತ್ತದೆ. ಎಟಿಪಿ ಖಾಲಿಯಾಗುವವರೆಗೆ ಕಾಯುವುದಿಲ್ಲ.

ಥೈರಾಯ್ಡ್ ಹಾರ್ಮೋನು

ಥೈರಾಯ್ಡ್ ಗ್ರಂಥಿಯ ಸಾರವು ಮನುಷ್ಯನ ಆಮ್ಲಜನಕ ಬಳಕೆಯನ್ನು ಹೆಚ್ಚಿಸುತ್ತದೆಂದು ಬರ್ಲಿನ್‌ನಲ್ಲಿ ಅಡಾಲ್ಫ್ ಮಾಗ್ನಸ್-ಲೆವಿ 1895ರಲ್ಲೇ ಅಳೆದು ತೋರಿಸಿದ್ದರು. ಎಡ್ವರ್ಡ್ ಕೆಂಡಾಲ್ 1914ರ ಡಿಸೆಂಬರಿನಲ್ಲಿ ಥೈರಾಕ್ಸಿನ್ ಅನ್ನು ಶುದ್ಧರೂಪದಲ್ಲಿ ಪಡೆದರು. ಇನ್ನೂ ಪ್ರಬಲವಾದ ಟಿ-3 ಹಾರ್ಮೋನನ್ನು ಜ್ಯಾಕ್ ಗ್ರಾಸ್ ಮತ್ತು ರೋಸಲಿಂಡ್ ಪಿಟ್-ರಿವರ್ಸ್ 1952ರಲ್ಲಿ ಕಂಡುಹಿಡಿದರು. ಗ್ರಂಥಿಯಿಂದ ಹೆಚ್ಚಾಗಿ ಹೊರಬರುವುದು ಥೈರಾಕ್ಸಿನ್. ಅದರಿಂದ ಒಂದು ಅಯೋಡಿನ್ ಪರಮಾಣುವನ್ನು ಕಳೆದು ಟಿ-3 ಮಾಡುವ ಅಂಗಗಳಲ್ಲಿ ಯಕೃತ್ತೂ ಒಂದು.

ಗ್ರಂಥಿ ಅತಿಯಾಗಿ ಕೆಲಸ ಮಾಡುವವರು ಚೆನ್ನಾಗಿ ಉಂಡರೂ ಸೊರಗುತ್ತಾರೆ, ಬೆವರುತ್ತಾರೆ, ಸೆಕೆ ತಾಳಲಾರರು. ಗ್ರಂಥಿ ಮಂದವಾದವರಿಗೆ ಚಳಿ ತಡೆಯದು, ತೂಕ ಏರುತ್ತದೆ. ಇಷ್ಟು ಸ್ಪಷ್ಟವಾದ ಲಕ್ಷಣಗಳ ಹಿಂದಿನ ಕಾರಣ ಮಾತ್ರ ಬಹುಕಾಲ ವಿವಾದದಲ್ಲಿತ್ತು.

1951ರ ಸುಮಾರಿಗೆ ಹೆನ್ರಿ ಲಾರ್ಡಿ ಹಾಗೂ ಕಾರ್ಲ್ ಮಾರ್ಟಿಯಸ್ ಅವರ ಪ್ರಯೋಗಾಲಯಗಳು ಥೈರಾಕ್ಸಿನ್ ಮೈಟೊಕಾಂಡ್ರಿಯದಲ್ಲಿ ಉರಿಯುವಿಕೆ ಮತ್ತು ಎಟಿಪಿ ತಯಾರಿಕೆಗಳ ನಡುವಿನ ಕೊಂಡಿಯನ್ನು ಕಳಚುತ್ತದೆಂದು ಸೂಚಿಸಿದವು. ಡೈನೈಟ್ರೊಫಿನಾಲ್ ಎಂಬ ರಾಸಾಯನಿಕ ಹೀಗೆಯೇ ಕೊಂಡಿ ಕಳಚುತ್ತದೆಂಬುದು ಆಗ ತಿಳಿದಿತ್ತು. 1930ರ ದಶಕದಲ್ಲಿ ಅಮೆರಿಕದಲ್ಲಿ ಅದನ್ನು ತೂಕ ಇಳಿಸುವ ಮಾತ್ರೆಯಾಗಿ ಮಾರಲಾಗಿತ್ತು. ಮೈಶಾಖ ಮಿತಿಮೀರಿ ಜನ ಸತ್ತ ಮೇಲೆ 1938ರಲ್ಲಿ ಅದರ ಮಾರಾಟ ನಿಂತಿತು. ಥೈರಾಯ್ಡ್ ರೋಗಿಯ ಲಕ್ಷಣಗಳು ಇದಕ್ಕೆ ಹೋಲುತ್ತಿದ್ದುದರಿಂದ ಊಹೆ ಆಕರ್ಷಕವಾಗಿತ್ತು. ಆದರೆ ಪ್ರಯೋಗಗಳಲ್ಲಿ ಬಳಸಿದ ಹಾರ್ಮೋನಿನ ಪ್ರಮಾಣ ರಕ್ತದಲ್ಲಿರುವುದಕ್ಕಿಂತ ಬಹುಪಾಲು ಹೆಚ್ಚಿತ್ತು.

ಈ ಗಂಟನ್ನು ಬಿಡಿಸುವುದರಲ್ಲಿ ಜಮ್ಶೆಡ್ ಟಾಟಾ ಅವರ ಕೆಲಸ ನಿರ್ಣಾಯಕವಾಯಿತು. 1930ರಲ್ಲಿ ಮುಂಬಯಿಯಲ್ಲಿ ಜನಿಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಪ್ಯಾರಿಸ್‌ನಲ್ಲಿ ಡಾಕ್ಟರೇಟ್ ಪಡೆದ ಅವರು ಮುಂದೆ ಲಂಡನ್ನಿನ ಮಿಲ್ ಹಿಲ್‌ನಲ್ಲಿ ನೆಲೆಸಿದರು. ಸ್ಟಾಕ್‌ಹೋಮ್‌ನಲ್ಲಿ ಲಾರ್ಸ್ ಅರ್ನ್ಸ್ಟರ್, ಉಲೋವ್ ಲಿಂಡ್‌ಬೆರ್ಗ್ ಮೊದಲಾದವರೊಡನೆ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಥೈರಾಯ್ಡ್ ತೆಗೆದ ಇಲಿಗಳಿಗೆ ಸಹಜ ಮಟ್ಟದಷ್ಟೇ ಹಾರ್ಮೋನು ಕೊಡಲಾಯಿತು. ಇಲಿಗಳ ಚಯಾಪಚಯದ ವೇಗ ಏರಿತು. ಅವುಗಳ ಮೈಟೊಕಾಂಡ್ರಿಯಗಳ ಉಸಿರಾಟವೂ ಹೆಚ್ಚಿತು. ಆದರೆ ಕೊಂಡಿ ಕಳಚಿರಲಿಲ್ಲ, ಎಟಿಪಿ ಎಂದಿನಂತೆ ತಯಾರಾಗುತ್ತಿತ್ತು. ಪರಿಣಾಮ ಕೂಡಲೇ ತೋರಿದ್ದೂ ಅಲ್ಲ, ಗಂಟೆಗಟ್ಟಲೆ ತಡವಾಗಿ. ಅದೇ ವರ್ಷ ಟಾಟಾ ಅವರು, ಆರ್‌ಎನ್‌ಎ ತಯಾರಿಕೆಯನ್ನು ತಡೆಯುವ ಆಕ್ಟಿನೊಮೈಸಿನ್ ಕೊಟ್ಟರೆ ಹಾರ್ಮೋನಿನ ಪರಿಣಾಮವೇ ಇಲ್ಲವಾಗುತ್ತದೆಂದು ತೋರಿಸಿದರು. ಅಂದರೆ ಹಾರ್ಮೋನು ಮೈಟೊಕಾಂಡ್ರಿಯವನ್ನು ಕೆಡಿಸುತ್ತಿರಲಿಲ್ಲ. ವಂಶವಾಹಿಗಳ ಮೂಲಕ ಹೊಸ ಪ್ರೋಟೀನುಗಳನ್ನು ಮಾಡಿಸುತ್ತಿತ್ತು. ಈ ಹಾರ್ಮೋನಿನ ಗ್ರಾಹಕವು ವಂಶವಾಹಿಗೆ ಅಂಟುವ ಪ್ರೋಟೀನೆಂದು 1986ರಲ್ಲಿ ಎರಡು ಪ್ರಯೋಗಾಲಯಗಳು ಸ್ಥಾಪಿಸಿದಾಗ ಈ ನಿಲುವು ಗಟ್ಟಿಯಾಯಿತು.

ಕೊಂಡಿ ನಿಜವಾಗಿ ಸಡಿಲಗೊಂಡರೆ ಏನಾಗುತ್ತದೆಂಬುದಕ್ಕೆ ಇದೇ ಅವಧಿಯಲ್ಲಿ ಉದಾಹರಣೆ ದೊರೆಯಿತು. ಸ್ವೀಡನ್ನಿನ ಮಹಿಳೆಯೊಬ್ಬರಲ್ಲಿ ಬಾಲ್ಯದಿಂದಲೂ ವಿಪರೀತ ಬೆವರು ಮತ್ತು ಹಸಿವಿತ್ತು. ಚಯಾಪಚಯದ ವೇಗ ಸಾಮಾನ್ಯದ ಎರಡು ಪಟ್ಟನ್ನೂ ಮೀರಿತ್ತು. ಆದರೆ ಥೈರಾಯ್ಡ್ ಸಹಜವಾಗಿತ್ತು. ದೋಷವಿದ್ದದ್ದು ಸ್ನಾಯುವಿನ ಮೈಟೊಕಾಂಡ್ರಿಯಗಳಲ್ಲಿ. ರೋಲ್ಫ್ ಲುಫ್ಟ್ ಅವರು ಅರ್ನ್ಸ್ಟರ್ ಮತ್ತಿತರರೊಡನೆ 1962ರಲ್ಲಿ ಇದನ್ನು ವರದಿ ಮಾಡಿದರು. ಮೈಟೊಕಾಂಡ್ರಿಯದ ಕಾಯಿಲೆಯೆಂದು ಗುರುತಿಸಲಾದ ಮೊದಲ ಪ್ರಕರಣವೆಂದು ಇದನ್ನು ಪರಿಗಣಿಸಲಾಗುತ್ತದೆ.

ಯಕೃತ್ತಿನಲ್ಲಿ ಥೈರಾಯ್ಡ್ ಹಾರ್ಮೋನು ತರುವ ಬದಲಾವಣೆಗಳು ಒಂದೆರಡಲ್ಲ. ಎಲೆಕ್ಟ್ರಾನು ಸರಪಳಿಯ ಹಲವು ಪ್ರೋಟೀನುಗಳು ಹೆಚ್ಚುತ್ತವೆ. ಮೈಟೊಕಾಂಡ್ರಿಯಕ್ಕೆ ತನ್ನದೇ ಆದ ಡಿಎನ್‌ಎ ಇದ್ದರೂ ಅದರಿಂದ ತಯಾರಾಗುವ ಪ್ರೋಟೀನುಗಳು 13 ಮಾತ್ರ. ಬೇಕಾದ ಸಾವಿರಕ್ಕೂ ಮಿಕ್ಕ ಪ್ರೋಟೀನುಗಳು ಕೋಶಕೇಂದ್ರದ ವಂಶವಾಹಿಗಳಿಂದ ಬರಬೇಕು. ಎರಡು ಕಡೆಯ ಉತ್ಪಾದನೆಯೂ ಹೊಂದಿಕೊಂಡು ಹೆಚ್ಚುವಂತೆ ಮಾಡುವಲ್ಲಿ ಪಿಜಿಸಿ-1 ಆಲ್ಫಾ ಎಂಬ ಪ್ರೋಟೀನಿನ ಪಾತ್ರ ದೊಡ್ಡದು. ಟಿ-3 ಅದನ್ನು ಹೆಚ್ಚಿಸುತ್ತದೆ. ಸಿಪಿಟಿ-1ರ ವಂಶವಾಹಿಯೂ ಟಿ-3ರಿಂದ ಚುರುಕಾಗುತ್ತದೆ.

ಇನ್ನೊಂದು ಬದಲಾವಣೆಯನ್ನು ಪತ್ತೆಹಚ್ಚಿದ್ದು, ಕೊಂಡಿ ಕಳಚುವ ಊಹೆಯನ್ನು ಮೊದಲಿಗೆ ಮುಂದಿಟ್ಟವರಲ್ಲೊಬ್ಬರಾದ ಲಾರ್ಡಿಯವರ ಪ್ರಯೋಗಾಲಯವೇ. ಥೈರಾಯ್ಡ್ ಸಾರ ತಿನ್ನಿಸಿದ ಇಲಿಯ ಯಕೃತ್ತಿನಲ್ಲಿ ಗ್ಲಿಸರೊಫಾಸ್ಫೇಟ್ ಡಿಹೈಡ್ರೋಜಿನೇಸ್ ಎಂಬ ಮೈಟೊಕಾಂಡ್ರಿಯದ ಕಿಣ್ವ ಹಲವು ಪಟ್ಟು ಹೆಚ್ಚುತ್ತದೆಂದು 1950ರ ದಶಕದಲ್ಲಿ ಅಲ್ಲಿ ಕಂಡುಬಂದಿತು. ಈ ಕಿಣ್ವವು ಎಲೆಕ್ಟ್ರಾನುಗಳನ್ನು ಸರಪಳಿಯ ಮೊದಲ ಪಂಪನ್ನು ಬಿಟ್ಟು ನಡುವೆ ಸೇರಿಸುತ್ತದೆ. ಹೀಗೆ ಬಂದವುಗಳಿಂದ ಕಡಮೆ ಪ್ರೋಟಾನುಗಳು, ಕಡಮೆ ಎಟಿಪಿ, ಹೆಚ್ಚು ಶಾಖ. ಅಷ್ಟೇ ಎಟಿಪಿ ಬೇಕಾದರೆ ಹೆಚ್ಚು ಇಂಧನ ಉರಿಯಬೇಕು.

ಪ್ರೋಟಾನು ಸೋರಿಕೆಯೂ ಹಾರ್ಮೋನಿನೊಡನೆ ಏರುತ್ತದೆ. ಕೇಂಬ್ರಿಜ್‌ನ ಮಾರ್ಟಿನ್ ಬ್ರ್ಯಾಂಡ್ ಮತ್ತು ಸಹೋದ್ಯೋಗಿಗಳ ಅಳತೆಗಳ ಪ್ರಕಾರ, ಅತಿಥೈರಾಯ್ಡ್ ಇಲಿಯ ಹೆಪಟೊಸೈಟಿನಲ್ಲಿ ಉಸಿರಾಟದ ಹೆಚ್ಚಳದ ಒಂದು ದೊಡ್ಡ ಪಾಲು ಸೋರಿಕೆಗೆ ಸೇರಿದ್ದು. ಮಿಕ್ಕದ್ದು ಜೀವಕೋಶವೇ ಹೆಚ್ಚು ಎಟಿಪಿಯನ್ನು ಖರ್ಚು ಮಾಡುವುದರಿಂದ ಆದದ್ದು. ಇದರಿಂದ 1951ರ ಊಹೆ ಮರಳಿ ಬಂದಂತೆ ತೋರಬಹುದು. ವ್ಯತ್ಯಾಸವಿರುವುದು ಅಳತೆ ಮತ್ತು ಕ್ರಮದಲ್ಲಿ: ಇಲ್ಲಿ ಕೊಂಡಿ ಕಳಚಿ ಬೀಳುವುದಿಲ್ಲ, ಪೊರೆಯ ಗುಣ ನಿಧಾನವಾಗಿ, ಮಿತಿಯೊಳಗೆ ಬದಲಾಗುತ್ತದೆ.

ಟಿ-3 ಮೈಟೊಕಾಂಡ್ರಿಯದೊಳಗೇ ಗ್ರಾಹಕವೊಂದನ್ನು ಹೊಂದಿದೆಯೆಂದೂ ಅದರಿಂದ ಹುಟ್ಟುವ ಟಿ-2 ಎಂಬ ಅಣು ಸರಪಳಿಯ ಕೊನೆಯ ಕಿಣ್ವಕ್ಕೆ ನೇರವಾಗಿ ಅಂಟುತ್ತದೆಂದೂ ಫ್ರಾನ್ಸ್, ಇಟಲಿ ಮತ್ತು ಜರ್ಮನಿಯ ಕೆಲವು ತಂಡಗಳು ವಾದಿಸಿವೆ. ಸಹಜ ಸ್ಥಿತಿಯಲ್ಲಿ ಇವುಗಳ ಮಹತ್ವ ಎಷ್ಟೆಂಬುದು ಇನ್ನೂ ಚರ್ಚೆಯಲ್ಲಿದೆ. ಸದ್ಯಕ್ಕೆ ವಂಶವಾಹಿಗಳ ಮೂಲಕ ನಡೆಯುವ ಕ್ರಿಯೆಗಿರುವಷ್ಟು ಬಲವಾದ ಆಧಾರ ಇವುಗಳಿಗಿಲ್ಲ.

ಕಾರ್ಟಿಸಾಲ್ ಮತ್ತು ಇತರ ಹಾರ್ಮೋನುಗಳು

ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್ ದೀರ್ಘ ಉಪವಾಸ ಮತ್ತು ಒತ್ತಡದಲ್ಲಿ ಗ್ಲುಕಗಾನ್‌ಗೆ ಬೆಂಬಲವಾಗುತ್ತದೆ. ಸ್ನಾಯುವಿನ ಪ್ರೋಟೀನು ಒಡೆದು ಅಮೈನೊ ಆಮ್ಲಗಳು ಯಕೃತ್ತಿಗೆ ಬರುವಂತೆಯೂ, ಅವುಗಳನ್ನು ಗ್ಲೂಕೋಸು ಮತ್ತು ಯೂರಿಯವಾಗಿಸುವ ಕಿಣ್ವಗಳು ಹೆಚ್ಚುವಂತೆಯೂ ಅದು ಮಾಡುತ್ತದೆ. ಉಪವಾಸದ ಯಕೃತ್ತಿನಲ್ಲಿ ಈ ಎರಡು ಹಾರ್ಮೋನುಗಳ ಸಂದೇಶ ಪಿಜಿಸಿ-1 ಆಲ್ಫಾದಲ್ಲಿ ಸೇರುತ್ತದೆಂದು 2001ರ ಅಧ್ಯಯನಗಳು ತಿಳಿಸಿದವು. ಇದೇ ಪ್ರೋಟೀನು 1998ರಲ್ಲಿ ಕಂದು ಕೊಬ್ಬಿನಲ್ಲಿ, ಚಳಿಗೆ ಒಡ್ಡಿದಾಗ ಹೆಚ್ಚುವ ಪ್ರೋಟೀನೆಂದು ಮೊದಲು ಪತ್ತೆಯಾಗಿತ್ತು.

ಚಳಿಯ ಪರಿಣಾಮವನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ. ರಾಮಶರ್ಮ ಮತ್ತು ಸಂಗಡಿಗರು 1960ರ ದಶಕದಲ್ಲಿಯೇ ಇನ್ನೊಂದು ಮಗ್ಗುಲಿನಿಂದ, ಎಲೆಕ್ಟ್ರಾನು ಸರಪಳಿಯಲ್ಲಿ ಓಡಾಡುವ ಉಬಿಕ್ವಿನೋನ್ ಅಣುವಿನ ಪ್ರಮಾಣವನ್ನು ಅಳೆದು ಅಧ್ಯಯನ ಮಾಡಿದ್ದರು.

ಕೊಬ್ಬಿನ ಅಂಗಾಂಶದಿಂದ ಬರುವ ಅಡಿಪೊನೆಕ್ಟಿನ್ ಕೊಬ್ಬಿನಾಮ್ಲಗಳ ಉತ್ಕರ್ಷಣೆಯನ್ನು ಹೆಚ್ಚಿಸುತ್ತದೆ. ಯಕೃತ್ತು ತಾನೇ ಉಪವಾಸದಲ್ಲಿ ಎಫ್‌ಜಿಎಫ್-21 ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ. ಈಸ್ಟ್ರೊಜೆನ್ ಇಳಿಯುವ ಋತುಬಂಧದ ನಂತರ ಸ್ತ್ರೀಯರಲ್ಲಿ ಯಕೃತ್ತಿನ ಕೊಬ್ಬು ಹೆಚ್ಚುವ ಸಾಧ್ಯತೆ ಏರುತ್ತದೆ.

ವೈದ್ಯಕೀಯ ಬಳಕೆ

ಥೈರಾಯ್ಡ್ ಹಾರ್ಮೋನು ಕೊಬ್ಬನ್ನು ಉರಿಸುತ್ತದೆಂಬ ಕಾರಣಕ್ಕೆ ಆರೋಗ್ಯವಂತರು ತೂಕ ಇಳಿಸಲು ಅದನ್ನು ಸೇವಿಸುವುದು ಅಪಾಯಕರ. ಗ್ರಂಥಿ ಸಹಜವಾಗಿರುವವರಲ್ಲಿ ತೂಕ ಇಳಿಸುವಷ್ಟು ಪ್ರಮಾಣವು ಹೃದಯದ ಬಡಿತವನ್ನು ಕೆಡಿಸುತ್ತದೆ, ಮೂಳೆ ಮತ್ತು ಸ್ನಾಯುಗಳನ್ನು ಸವೆಸುತ್ತದೆ. ಹೃದಯದಲ್ಲಿ ಈ ಹಾರ್ಮೋನಿನ ಆಲ್ಫಾ ಗ್ರಾಹಕ ಪ್ರಧಾನ, ಯಕೃತ್ತಿನಲ್ಲಿ ಬೀಟಾ ಗ್ರಾಹಕ. ಬೀಟಾ ಗ್ರಾಹಕವನ್ನು ಮಾತ್ರ ಎಚ್ಚರಿಸಬಲ್ಲ ಅಣುವಿಗಾಗಿ ದಶಕಗಳ ಹುಡುಕಾಟ ನಡೆದದ್ದು ಈ ವ್ಯತ್ಯಾಸವನ್ನು ನಂಬಿಯೇ.

ಅಂಥ ಔಷಧವಾದ ರೆಸ್ಮೆಟಿರೋಮ್‌ಗೆ 2024ರ ಮಾರ್ಚಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ನೀಡಿತು. ಮದ್ಯಪಾನದಿಂದಲ್ಲದೆ ಚಯಾಪಚಯದ ಏರುಪೇರಿನಿಂದ ಯಕೃತ್ತಿನಲ್ಲಿ ಕೊಬ್ಬು ತುಂಬಿ, ಉರಿಯೂತವಾಗಿ, ನಾರುಗಟ್ಟುವಿಕೆ ಮಧ್ಯಮದಿಂದ ತೀವ್ರ ಹಂತಕ್ಕೆ ಬಂದಿರುವ, ಆದರೆ ಇನ್ನೂ ಸಿರೋಸಿಸ್ ತಲುಪದ ರೋಗಿಗಳಿಗೆ ಇದನ್ನು ಆಹಾರಕ್ರಮ ಮತ್ತು ವ್ಯಾಯಾಮದ ಜೊತೆಗೆ ಕೊಡಲಾಗುತ್ತದೆ. ಈ ಕಾಯಿಲೆಗೆಂದೇ ಅಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧ ಇದು. ಯಕೃತ್ತಿನ ಮೈಟೊಕಾಂಡ್ರಿಯಗಳು ಕೂಡಿಟ್ಟ ಕೊಬ್ಬನ್ನು ಹೆಚ್ಚಾಗಿ ಉರಿಸುವಂತೆ ಮಾಡುವುದು ಇದರ ಕ್ರಿಯೆಯ ಮುಖ್ಯ ಭಾಗ.